ವಿಮಾನನಾಶಕ ಫಿರಂಗಿಗಳ ಪೀಠನಿರ್ಣಯ

ಪ್ರತಿಕೃತಿಯೆಂದರೆ ಮೂಲವಸ್ತುವನ್ನು ಅನುಸರಿಸಿ ಮಾಡಿದುದು ಎಂದರ್ಥ. ಅನುಸರಿಸತಕ್ಕ ಮೂಲವು ಒಂದೇ ಆಗಿದ್ದ ಪಕ್ಷದಲ್ಲಿ ಅಳತೆಯ ಕೋಲೂ ಕೈಯ ಪಳಗಿಕೆಯೂ ಇದ್ದರೆ ಸಾಕು. ಮೂಲವೇ ಕಾಲಕಾಲಕ್ಕೆ ರೂಪಾಂತರವನ್ನು ಹೊಂದುತ್ತ ಬಂದಿದ್ದರೆ, ಶಿಲ್ಪಿಯ ಕೆಲಸಕ್ಕೆ ಮೊದಲು ಸಂಶೋಧಕನ ಕೆಲಸವು ನಡೆಯಬೇಕಾಗುತ್ತದೆ. ೧೯೩೯ರಿಂದ ೧೯೪೫ರ ವರೆಗೆ ನಡೆದ ಎರಡನೆಯ ಮಹಾಯುದ್ಧದ ಹಡಗುಗಳನ್ನು ನಿಯತವಾದ ಅಲ್ಪಪ್ರಮಾಣದಲ್ಲಿ ನಿರ್ಮಿಸುವ ವಿದ್ಯೆಯು ಯೂರೋಪು, ಅಮೆರಿಕ, ಜಪಾನು ದೇಶಗಳಲ್ಲಿ ಬಹಳವಾಗಿ ಬೆಳೆದಿದೆ. ಆ ವಿದ್ಯೆಯಲ್ಲಿ ಕ್ಲಿಷ್ಟವಾದ ಭಾಗಗಳಲ್ಲಿ ಒಂದು, ವಿಮಾನನಾಶಕ ಫಿರಂಗಿಗಳ ಪೀಠವು ಇಂಥ ದಿನದಲ್ಲಿ ಇಂಥ ರೂಪದಲ್ಲಿದ್ದಿತೆಂದು ನಿಶ್ಚಯಿಸುವುದು. ಗ್ರಂಥಸಂಪಾದನೆಯಲ್ಲಿ ಪರಿಶ್ರಮವುಳ್ಳವರಿಗೆ ಈ ವಸ್ತುವು ಹೊಸದಾಗಿ ತೋರಬಹುದು; ಇದರ ವಿಚಾರಕ್ರಮವು ಮಾತ್ರ ಹೊಸದಲ್ಲ. ಓಲೆಯ ಪ್ರತಿಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ಪಾಠವನ್ನು ನಿರ್ಣಯಿಸುವ ನ್ಯಾಯವೇ ಇಲ್ಲಿಯೂ ಪ್ರವರ್ತಿಸುತ್ತದೆ.

೧. ನಳಿಗೆ ಮತ್ತು ಪೀಠ

ಇಂಥ ಫಿರಂಗಿಯಲ್ಲಿ ಮುಖ್ಯವಾದ ಅಂಗಗಳು ಎರಡು. ಗುಂಡನ್ನು ಹಾರಿಸುವ ನಳಿಗೆಯೂ ಅದರ ಯಂತ್ರವೂ ಸೇರಿ ಒಂದು. ಅದನ್ನು ಹೊತ್ತು ಎಡಬಲಗಳಿಗೂ ಮೇಲುಕೆಳಗಳಿಗೂ ತಿರುಗಿಸುವ ಪೀಠವು ಇನ್ನೊಂದು. ಗುರಿಯಿಡುವವರ ಆಸನ, ಕೈಚಕ್ರ, ರಕ್ಷಣೆಗಾಗಿ ನಿಲ್ಲಿಸಿದ ಉಕ್ಕಿನ ಹಲಗೆ, ಗುಂಡು ತುಂಬುವವರು ನಿಲ್ಲುವ ಜಗಲಿ ಇವೆಲ್ಲವೂ ಪೀಠಕ್ಕೆ ಸೇರಿದುವು. ನಮ್ಮ ಶಿಲ್ಪಶಾಸ್ತ್ರಗಳಲ್ಲಿ ಮೂರ್ತಿಯ ಲಕ್ಷಣವನ್ನೂ ಪೀಠದ ಲಕ್ಷಣವನ್ನೂ ಬೇರೆ ಬೇರೆಯಾಗಿ ಹೇಳಿರುವಂತೆ ಇಲ್ಲಿಯೂ ಎರಡನ್ನು ಬೇರೆಯಾಗಿಯೇ ವಿಚಾರಿಸಬೇಕು. ಏಕೆಂದರೆ ನಳಿಗೆಯು ಹೆಚ್ಚು ವ್ಯತ್ಯಾಸವಿಲ್ಲದೆ ನಿಂತರೂ ಪೀಠವು ದೇಶಭೇದದಿಂದಲೂ ಕಾಲಭೇದದಿಂದಲೂ ಅನೇಕವಾಗುತ್ತದೆ.

ಸ್ವೀಡನ್ ದೇಶದ ಬೋಫೋರ್ಸ್ ಸಂಸ್ಥೆಯವರು ನಿರ್ಮಿಸಿದ ೪೦ ಮಿಲಿಮೀಟರಿನ ಫಿರಂಗಿಯು ಇದಕ್ಕೆ ಒಳ್ಳೆಯ ನಿದರ್ಶನವಾಗಿದೆ. ನಾಲ್ಕು ನಾಲ್ಕು ಗುಂಡುಗಳ ಕಟ್ಟುಗಳನ್ನು ಮೇಲಿನಿಂದ ಕೈಯಲ್ಲಿ ತುಂಬುತ್ತಿದ್ದರೆ ಇದರ ಒಂದೊಂದು ನಳಿಗೆಯೂ ನಿಮಿಷಕ್ಕೆ ಸುಮಾರು ೧೨೦ ಗುಂಡುಗಳನ್ನು ಹಾರಿಸಬಲ್ಲುದು. ನೆಲದ ಮೇಲಿನ ಸೇನೆಗೆ ಇದನ್ನು ನಾಲ್ಕು ಗಾಲಿಗಳ ಬಂಡಿಯ ಮೇಲೆ ಒಂಟಿಯಾಗಿ ಕೂರಿಸಿದರು. ಅಲ್ಲಿ ನಳಿಗೆಗೆ ಗಾಳಿಯಿಂದಲೇ ತಂಪು. ಅಮೆರಿಕದ ನೌಕಾಪಡೆಯವರು ಇದನ್ನು ಎರಡು ನಳಿಗೆಗಳ ಪೀಠದಲ್ಲಿಯೂ ನಾಲ್ಕು ನಳಿಗೆಗಳ ಪೀಠದಲ್ಲಿಯೂ ಕೂರಿಸಿ, ನಳಿಗೆಯ ಸುತ್ತಲೂ ನೀರಿನ ಕವಚವನ್ನು ತೊಡಿಸಿದರು. ಆದುದರಿಂದ ಅದು ದಪ್ಪವಾಗಿ ತೋರುತ್ತದೆ. ಹಾಲೆಂಡಿನವರ ಹಾಜೆಮೇಯರ್ ಎಂಬ ಜೋಡಿಪೀಠವು ಹಡಗಿನ ತೂಗಾಟಕ್ಕೆ ಅನುಗುಣವಾಗಿ ತನ್ನನ್ನು ತಾನೇ ಸರಿಪಡಿಸಿಕೊಳ್ಳುವಂಥದು. ೧೯೪೦ರಲ್ಲಿ ಜರ್ಮನರು ಹಾಲೆಂಡನ್ನು ಆಕ್ರಮಿಸಿದಾಗ ‘ವಿಲ್ಲೆಂ ವಾನ್ ಡರ್ ಜಾನ್’ ಎಂಬ ಹಡಗಿನೊಂದಿಗೆ ಅದು ಇಂಗ್ಲೆಂಡನ್ನು ಸೇರಿತು. ಆಂಗ್ಲರು ಅದನ್ನೇ ಮಾತೃಕೆಯಾಗಿಟ್ಟುಕೊಂಡು ತಮ್ಮ ಪೀಠವೊಂದನ್ನು ಮಾಡಿಕೊಂಡರು. ಹೀಗೆ ಮೂಲವು ಒಂದು, ಶಾಖೆಗಳು ಹಲವು. ‘ಬೋಫೋರ್ಸ್ ಫಿರಂಗಿ’ ಎಂದು ಮಾತ್ರ ಹೇಳಿದರೆ ಪ್ರತಿಕೃತಿಯನ್ನು ಮಾಡುವವನಿಗೆ ಏನನ್ನೂ ಹೇಳಿದಂತಾಗುವುದಿಲ್ಲ.

೨. ಹೆಸರಿನಿಂದಾಗುವ ಭ್ರಾಂತಿ

ಹೆಸರನ್ನು ನಂಬಿ ಅಳತೆಯನ್ನು ನಿಶ್ಚಯಿಸುವುದೂ ಅಪಾಯಕರ. ಈ ಫಿರಂಗಿಗೆ ‘ಅರುವತ್ತು ವ್ಯಾಸದ ನಳಿಗೆ’ ಎಂಬ ಪ್ರಸಿದ್ಧಿಯುಂಟು. ರಂಧ್ರದ ವ್ಯಾಸಕ್ಕೆ ಅರುವತ್ತರಷ್ಟು ಉದ್ದವೆಂದು ಅದರ ಅಭಿಪ್ರಾಯ. ಆ ಲೆಕ್ಕದಂತೆ ನಳಿಗೆಯು ೨೪೦೦ ಮಿಲಿಮೀಟರು ಇರಬೇಕು. ವಾಸ್ತವವಾಗಿ ಅದರ ಉದ್ದವು ೨೨೫೦ ಮಿಲಿಮೀಟರು, ಎಂದರೆ ಐವತ್ತಾರೂಕಾಲು ವ್ಯಾಸ ಮಾತ್ರ. ನಾಲ್ವತ್ತೆಂಟರಲ್ಲೊಂದು ಪಾಲಿನ ಪ್ರತಿಕೃತಿಯಲ್ಲಿ ಈ ವ್ಯತ್ಯಾಸವು ಮೂರು ಮಿಲಿಮೀಟರಿಗೂ ಸ್ವಲ್ಪ ಹೆಚ್ಚು. ನೋಡುವವರ ಕಣ್ಣಿಗೆ ಅದು ಬೀಳದೆ ಇರದು.

ಒಂದೇ ಅಳತೆಯ ರಂಧ್ರವುಳ್ಳ ಎರಡು ಬೇರೆ ಫಿರಂಗಿಗಳೂ ಉಂಟು. ಆಂಗ್ಲರ ‘ಪಾಮ್‌ಪಾಮ್’ ಎಂಬ ಹಳೆಯ ಫಿರಂಗಿಯ ರಂಧ್ರವೂ ೪೦ ಮಿಲಿಮೀಟರೇ. ಆದರೆ ಅದರ ಯಂತ್ರ, ಗುಂಡು, ಪೀಠ ಎಲ್ಲವೂ ಬೇರೆ. ದಾಖಲೆಯಲ್ಲಿ ‘೪೦ ಮಿಲಿಮೀಟರು’ ಎಂಬ ಒಂದೇ ಮಾತು ಕಂಡರೆ ಪ್ರಕರಣವನ್ನು ನೋಡಿ ಅರ್ಥಮಾಡಬೇಕಲ್ಲದೆ, ನಾನಾರ್ಥವುಳ್ಳ ಪದಕ್ಕೆ ಮೊದಲು ತೋಚಿದ ಅರ್ಥವನ್ನು ಹಚ್ಚುವಂತೆ ಹಚ್ಚಕೂಡದು.

೩. ಸಂಕರರೂಪಗಳು

ಎರಡು ಶಾಖೆಗಳ ಪಾಠಗಳು ಕಲೆತ ಓಲೆಪ್ರತಿಗಳಂತೆ ಎರಡು ಜಾತಿಯ ಅಂಗಗಳು ಕಲೆತ ಪೀಠಗಳೂ ಇದ್ದುವು. ೧೯೪೪ರ ಕೊನೆಯಲ್ಲಿ ಜಪಾನಿನ ವೈಮಾನಿಕರು ತಮ್ಮ ವಿಮಾನಗಳನ್ನೇ ಹಡಗುಗಳ ಮೇಲೆ ಕೆಡಹಿ ಆತ್ಮಾಹುತಿಯಿಂದ ಹೋರಾಡತೊಡಗಿದರು. ಅಂಥ ವಿಮಾನಕ್ಕೆ ಗಾಯವಾದರೆ ಸಾಲದು. ಹಡಗನ್ನು ಮುಟ್ಟುವ ಮೊದಲೇ ಅದು ಛಿದ್ರವಾಗಬೇಕು. ೨೦ ಮಿಲಿಮೀಟರಿನ ಓರ್ಲಿಕಾನ್ ಫಿರಂಗಿಯ ಸಣ್ಣ ಗುಂಡುಗಳಿಗೆ ಆ ಶಕ್ತಿ ಸಾಲದಾಯಿತು. ಆಗ ಆಂಗ್ಲರು ಓರ್ಲಿಕಾನ್ ಜೋಡಿಯ ಯಂತ್ರಚಾಲಿತ ಪೀಠಗಳಿಂದ ಆ ಎರಡು ನಳಿಗೆಗಳನ್ನು ತೆಗೆದು, ಅವುಗಳ ಸ್ಥಾನದಲ್ಲಿ ಒಂದೇ ಒಂದು ಬೋಫೋರ್ಸ್ ಫಿರಂಗಿಯನ್ನು ಕೂರಿಸಿದರು. ಇದಕ್ಕೆ ‘ಬಾಫಿನ್’ ಎಂದು ಹೆಸರು. ಬೋಫೋರ್ಸ್ ಒಂಟಿಪೀಠದ ರೇಖಾಚಿತ್ರವನ್ನು ಎದುರಿಗಿಟ್ಟುಕೊಂಡು ಇದನ್ನು ನಿರ್ಮಿಸಿದರೆ ನಳಿಗೆಯು ಸರಿಯಾಗಿ, ಪೀಠವು ಸಂಪೂರ್ಣವಾಗಿ ತಪ್ಪುತ್ತದೆ.

೪. ಸಾಕ್ಷಿಗಳ ಬಲಾಬಲ

ಪೀಠನಿರ್ಣಯಕ್ಕೆ ದೊರೆಯುವ ಸಾಕ್ಷಿಗಳು ಮುಖ್ಯವಾಗಿ ನಾಲ್ಕು: ನಿರ್ಮಾಪಕರ ರೇಖಾಚಿತ್ರ, ಸೈನಿಕರ ಉಪಯೋಗಕ್ಕಾಗಿ ಅಚ್ಚುಮಾಡಿದ ಕೈಪಿಡಿ, ಆ ಕಾಲದ ಛಾಯಾಚಿತ್ರ, ಇಂದಿಗೂ ಉಳಿದಿರುವ ವಸ್ತು.

ರೇಖಾಚಿತ್ರವು ಕರ್ತೃವಿನ ಅಭಿಪ್ರಾಯವನ್ನು ತಿಳಿಸುತ್ತದೆ. ಕಾರ್ಖಾನೆಯಲ್ಲಿ ಏನಾಯಿತೆಂಬುದನ್ನು ಅದು ಯಾವಾಗಲೂ ತಿಳಿಸುವುದಿಲ್ಲ. ಸ್ವೀಡನ್ನಿನವರ ಚಿತ್ರಗಳು ಮೀಟರಿನ ಮಾನದಲ್ಲಿದ್ದುವು. ಅಮೆರಿಕದವರು ಅವನ್ನು ಅಂಗುಲಗಳಿಗೆ ಪರಿವರ್ತಿಸಿ, ರಾಶಿರಾಶಿಯಾಗಿ ತಯಾರಿಸಲು ಅನುಕೂಲವಾಗುವಂತೆ ಬೇರೆಯಾಗಿ ಬರೆದುಕೊಂಡರು. ಆದುದರಿಂದ ಸ್ವೀಡನ್ನಿನ ಚಿತ್ರವು ಅಮೆರಿಕದ ಪೀಠಕ್ಕೆ ಪ್ರಮಾಣವಾಗಲಾರದು. ಕೈಪಿಡಿಯು ಅಂಗಗಳ ಹೆಸರನ್ನೂ ಕ್ರಿಯೆಯನ್ನೂ ಸ್ಪಷ್ಟಪಡಿಸುತ್ತದೆ. ಅದು ಒಂದು ವ್ಯಾಖ್ಯಾನ. ಆದರೆ ಅಚ್ಚಾದ ದಿನದ ಅನಂತರ ನಡೆದ ಮಾರ್ಪಾಟುಗಳು ಅದರಲ್ಲಿರುವುದಿಲ್ಲ.

ದಿನಾಂಕವು ಖಚಿತವಾಗಿರುವ ಛಾಯಾಚಿತ್ರವು ಬಹಳ ಬಲವಾದ ಸಾಕ್ಷಿ. ಅಮೆರಿಕದ ಮೇರ್ ಐಲೆಂಡ್ ಮೊದಲಾದ ನೌಕಾಂಗಣಗಳಲ್ಲಿ ದುರಸ್ತಿ ಮುಗಿದ ಹಡಗುಗಳ ಛಾಯಾಚಿತ್ರಗಳನ್ನು ತೆಗೆದು, ಹೊಸದಾಗಿ ಮಾರ್ಪಟ್ಟ ಭಾಗಗಳ ಸುತ್ತಲೂ ಬಿಳಿಯ ವೃತ್ತಗಳನ್ನು ಎಳೆಯುವ ಪದ್ಧತಿಯಿದ್ದಿತು. ಲಿಪಿಕಾರನೇ ತಾನು ತಿದ್ದಿದ ಸ್ಥಳಗಳಿಗೆ ಗುರುತು ಹಾಕಿಕೊಟ್ಟಂತೆ ಇದು ಸಂಶೋಧಕನಿಗೆ ಮಹೋಪಕಾರ. ಆದರೆ ಛಾಯಾಚಿತ್ರಕ್ಕೂ ದೋಷಗಳುಂಟು. ರಹಸ್ಯವನ್ನು ಕಾಪಾಡುವುದಕ್ಕಾಗಿ ಕೆಲವು ಯಂತ್ರಗಳನ್ನು ಚಿತ್ರದಿಂದ ಅಳಿಸಿರುವುದುಂಟು. ಮುದ್ರಣದಲ್ಲಿ ಎಡಬಲಗಳು ಅದಲುಬದಲಾಗಿರುವುದುಂಟು. ಕೆಂಪು ಬಣ್ಣವನ್ನು ಗ್ರಹಿಸದ ಫಿಲ್ಮಿನಲ್ಲಿ ಕೆಂಪು ಕಪ್ಪಾಗಿಯೂ ನೀಲಿ ಬೆಳ್ಳಗಾಗಿಯೂ ತೋರುವುದರಿಂದ ಬಣ್ಣದ ವಿಷಯದಲ್ಲಿ ಅದನ್ನೊಂದನ್ನೇ ನಂಬುವಂತಿಲ್ಲ.

ಉಳಿದಿರುವ ವಸ್ತುವನ್ನು ಮುಟ್ಟಿ ಅಳೆಯಬಹುದು; ಆದುದರಿಂದ ಅದೇ ಸರ್ವೋತ್ತಮ ಸಾಕ್ಷಿಯೆಂದು ಸಾಮಾನ್ಯವಾಗಿ ಭಾವಿಸುತ್ತಾರೆ. ಈ ಭಾವನೆಯು ಅಳತೆಯ ಮಟ್ಟಿಗೆ ಸರಿ, ಕಾಲದ ಮಟ್ಟಿಗೆ ಸರಿಯಲ್ಲ. ಲಂಡನ್ನಿನಲ್ಲಿ ಥೇಮ್ಸ್ ನದಿಯ ಮೇಲೆ ೧೯೭೧ರಿಂದ ಪ್ರದರ್ಶನಕ್ಕಿರುವ ‘ಬೆಲ್‌ಫಾಸ್ಟ್’ ಎಂಬ ಯುದ್ಧನೌಕೆಯಲ್ಲಿ ಇಂದು ಕಾಣುವ ಬೋಫೋರ್ಸ್ ಜೋಡಿಪೀಠಗಳು ೧೯೫೬ರಿಂದ ೧೯೫೯ರ ವರೆಗೆ ನಡೆದ ನವೀಕರಣದಲ್ಲಿ ಬಂದುವು. ೧೯೪೪ರ ಜೂನ್ ತಿಂಗಳಲ್ಲಿ ನಾರ್ಮಂಡಿಯ ತೀರದಲ್ಲಿ ಅದೇ ನೌಕೆಯ ಮೇಲೆ ಇದ್ದುವು ಪಾಮ್‌ಪಾಮ್ ಮತ್ತು ಓರ್ಲಿಕಾನ್ ಫಿರಂಗಿಗಳು. ಹಡಗು ಅದೇ, ಹೆಸರು ಅದೇ. ಪಾಠವು ಮಾತ್ರ ಈಚಿನದು.

೫. ಒಂದು ಉದಾಹರಣೆ

ಅಮೆರಿಕದ ‘ನಾರ್ತ್ ಕೆರೊಲೈನ’ ಎಂಬ ಮಹಾನೌಕೆಯು ೧೯೪೧ರ ಏಪ್ರಿಲ್ ತಿಂಗಳಲ್ಲಿ ಸೇವೆಗೆ ಸೇರಿತು. ಶಾಲೆಯ ಮಕ್ಕಳೂ ಚಿಲ್ಲರೆ ಕಾಸುಗಳನ್ನು ಕೂಡಿಸಿ ಕೊಟ್ಟು ಅದನ್ನು ಗುಜರಿಯ ಪಾಲಾಗದಂತೆ ಉಳಿಸಿಕೊಂಡರು. ೧೯೬೨ರಿಂದ ಅದು ವಿಲ್ಮಿಂಗ್ಟನ್ ನಗರದಲ್ಲಿ ಯುದ್ಧಸ್ಮಾರಕವಾಗಿ ನಿಂತಿದೆ. ಅದರ ಮೇಲೆ ಇಂದು ನಾಲ್ಕು ನಳಿಗೆಗಳ ಬೋಫೋರ್ಸ್ ಪೀಠಗಳು ಎದ್ದುಕಾಣುತ್ತವೆ. ಇದನ್ನು ನೋಡಿಬಂದವನೊಬ್ಬನು ೧೯೪೨ರ ಆಗಸ್ಟ್ ೨೪ರಂದು ನಡೆದ ಪೂರ್ವ ಸಾಲೊಮನ್ ಕಾಳಗದಲ್ಲಿದ್ದ ನೌಕೆಯನ್ನು ಅದೇ ಪೀಠಗಳೊಂದಿಗೆ ನಿರ್ಮಿಸಿದನೆಂದು ಭಾವಿಸೋಣ. ಅಳತೆಯೆಲ್ಲವೂ ನಿರ್ದುಷ್ಟವಾಗಿದ್ದರೂ ಅವನ ಪ್ರತಿಕೃತಿಯು ಅಸತ್ಯವನ್ನೇ ಹೇಳುತ್ತದೆ. ಆ ದಿನ ಅದರ ಮೇಲೆ ಬೋಫೋರ್ಸ್ ಒಂದೂ ಇರಲಿಲ್ಲ. ಅವುಗಳಿಗೆ ಮೊದಲು ಇದ್ದುವು ೨೮ ಮಿಲಿಮೀಟರಿನ, ನಾಲ್ಕೇ ನಳಿಗೆಗಳ ಬೇರೆ ಪೀಠಗಳು. ಸೆಪ್ಟೆಂಬರ್ ೧೫ರಂದು ಜಪಾನಿನ ಜಲಾಂತರ್ಗಾಮಿಯ ಟಾರ್ಪೀಡೊ ತಗುಲಿ ನೌಕೆಗೆ ಗಾಯವಾಯಿತು. ಪರ್ಲ್ ಹಾರ್ಬರಿನಲ್ಲಿ ಅದರ ದುರಸ್ತಿ ನಡೆದಾಗಲೇ ಬೋಫೋರ್ಸ್ ಪೀಠಗಳು ಅದರ ಮೇಲೇರಿದುವು.

ಇಲ್ಲಿ ಕೆಲವೇ ವಾರಗಳ ಅಂತರವು ಸತ್ಯಾಸತ್ಯಗಳನ್ನು ವಿಂಗಡಿಸುತ್ತದೆ. ಎರಡು ಪೀಠಗಳಲ್ಲಿಯೂ ನಾಲ್ಕು ನಳಿಗೆಗಳಿರುವುದರಿಂದ, ಮಸುಕಾದ ಛಾಯಾಚಿತ್ರದಲ್ಲಿ ನಳಿಗೆಗಳ ಎಣಿಕೆಯೊಂದನ್ನೇ ನೋಡಿದರೆ ಮೋಸಹೋಗುವ ಸಂಭವವೂ ಉಂಟು. ೨೮ ಮಿಲಿಮೀಟರಿನ ಪೀಠದಲ್ಲಿ ನಾಲ್ಕು ನಳಿಗೆಗಳೂ ಒಂದೇ ಸಾಲಾಗಿರುತ್ತವೆ. ಬೋಫೋರ್ಸ್ ಪೀಠದಲ್ಲಿ ಎರಡೆರಡು ನಳಿಗೆಗಳ ಜೋಡಿಗಳ ನಡುವೆ ವಿಶಾಲವಾದ ಎಡೆಯುಂಟು. ನಿರ್ಣಯಕ್ಕೆ ಈ ಎಡೆಯೇ ಲಕ್ಷಣ.

೬. ನಿಯಮಗಳೂ ಪ್ರಯೋಜನವೂ

ಇದುವರೆಗಿನ ವಿಚಾರದಿಂದ ನಾಲ್ಕು ನಿಯಮಗಳು ಸಿದ್ಧಿಸುತ್ತವೆ. ಹಡಗನ್ನೂ ದಿನವನ್ನೂ ಮೊದಲು ಗೊತ್ತುಮಾಡಿಕೊಂಡು ಅನಂತರವೇ ಪೀಠವನ್ನು ಹುಡುಕಬೇಕು. ಯಾವ ಪೀಠವು ಇದ್ದಿತು, ಎಲ್ಲಿದ್ದಿತು ಎಂಬುದಕ್ಕೆ ದಿನಾಂಕವುಳ್ಳ ಛಾಯಾಚಿತ್ರವೂ, ಎಷ್ಟು ಅಳತೆಯದು ಎಂಬುದಕ್ಕೆ ಉಳಿದಿರುವ ವಸ್ತುವೂ, ಕಣ್ಣಿಗೆ ಕಾಣದ ಒಳಭಾಗಗಳಿಗೆ ರೇಖಾಚಿತ್ರ ಮತ್ತು ಕೈಪಿಡಿಗಳೂ ಪ್ರಮಾಣ. ಒಂದೇ ಚಿತ್ರವನ್ನು ನೋಡಿ ಬರೆದ ಹತ್ತು ಚಿತ್ರಗಳು ಹತ್ತು ಸಾಕ್ಷಿಗಳಲ್ಲ, ಒಂದೇ ಸಾಕ್ಷಿ. ಯಾವುದಕ್ಕೂ ಆಧಾರವು ದೊರೆಯದ ಭಾಗವನ್ನು ಸರಳವಾಗಿ ಬಿಡಬೇಕೇ ಹೊರತು ಊಹೆಯಿಂದ ಅಲಂಕರಿಸಬಾರದು. ತ್ರುಟಿತವಾದ ಸ್ಥಳದಲ್ಲಿ ಚುಕ್ಕೆಗಳನ್ನಿಡುವ ಸಂಪಾದಕನು ಸ್ವಕಪೋಲಕಲ್ಪಿತವಾದ ಪದ್ಯದಿಂದ ಅದನ್ನು ತುಂಬುವವನಿಗಿಂತ ಎಷ್ಟೋ ಮೇಲು.

ಬೆರಳಿನ ತುದಿಯಲ್ಲಿ ನಿಲ್ಲುವಷ್ಟು ಚಿಕ್ಕ ವಸ್ತುವಿಗಾಗಿ ಇಷ್ಟು ಶ್ರಮವೇಕೆಂದು ಕೇಳಬಹುದು. ಯಥಾರ್ಥವಾದ ಹಡಗುಗಳಲ್ಲಿ ಬಹುಪಾಲು ಮುಳುಗಿಹೋದುವು, ಇಲ್ಲವೆ ಕರಗಿಸಲ್ಪಟ್ಟುವು. ಮುಂದಿನವರ ಕಣ್ಣಿಗೆ ಬೀಳುವುದು ಅನೇಕ ವೇಳೆ ಪ್ರತಿಕೃತಿಯೊಂದೇ. ಅದರಲ್ಲಿ ಸೇರಿದ ತಪ್ಪನ್ನು ನೋಡಿ ಇನ್ನೊಬ್ಬನು ಮಾಡುತ್ತಾನೆ, ಗತಾನುಗತಿಕವಾಗಿ ತಪ್ಪೇ ಪ್ರಮಾಣವಾಗುತ್ತದೆ. ಪೂರ್ವ ಸಾಲೊಮನ್ ಕಾಳಗದಲ್ಲಿ ‘ನಾರ್ತ್ ಕೆರೊಲೈನ’ದ ಮೇಲೆ ಶತ್ರುವಿಮಾನದ ಗುಂಡಿಗೆ ಒಬ್ಬ ನಾವಿಕನು ಮಡಿದನು. ಅಂದು ಆ ನೌಕೆಯವರು ಯಾವ ಆಯುಧಗಳಿಂದ ತಮ್ಮನ್ನು ರಕ್ಷಿಸಿಕೊಳ್ಳಬೇಕಾಗಿದ್ದಿತೆಂಬುದನ್ನು ಅರಿಯಬೇಕಾದರೆ ಅಂದಿನ ಪೀಠವನ್ನೇ ತೋರಿಸಬೇಕು. ಅವರಿಗೆ ಇನ್ನೂ ದೊರೆಯದಿದ್ದ ಒಳ್ಳೆಯ ಫಿರಂಗಿಯನ್ನು ಅವರ ಮುಂದಿಟ್ಟು ತೋರಿಸುವ ಪ್ರತಿಕೃತಿಯು ಎಷ್ಟೇ ಸುಂದರವಾಗಿದ್ದರೂ ಅವರ ಕಷ್ಟವನ್ನು ಕಿರಿದುಗೊಳಿಸುತ್ತದೆ.