ಬೋರ್ಡ್ ಹೊಸದು, ಡಿಸ್ಕ್ ಹಳೆಯದು

ಸಿಡಿಲಿಗೋ ವೋಲ್ಟೇಜ್ ಏರಿಳಿತಕ್ಕೋ ಸಿಕ್ಕಿ ಸತ್ತ ಕಂಪ್ಯೂಟರನ್ನು ಹೊತ್ತುಕೊಂಡು ಹೊನ್ನಾಳಿಗೋ ಶಿವಮೊಗ್ಗಕ್ಕೋ ಬಸ್ಸು ಹತ್ತುವುದು ನಮ್ಮ ಗೋವಿನಕೋವಿ ಸುತ್ತಿನ ಹಳ್ಳಿಗಳಲ್ಲಿ ಹೊಸ ಸಂಗತಿಯೇನಲ್ಲ. ರಿಪೇರಿ ಅಂಗಡಿಯಲ್ಲಿ ಸಿಗುವ ಉತ್ತರವೂ ಬಹುಮಟ್ಟಿಗೆ ಒಂದೇ: 'ಮದರ್‌ಬೋರ್ಡ್ ಹೋಗಿದೆ ಸಾರ್. ಹೊಸದು ಹಾಕಿ, ಫಾರ್ಮ್ಯಾಟ್ ಮಾಡಿ ಕೊಡ್ತೀವಿ.'

ಈ ಮಾತಿನ ಮೊದಲರ್ಧ ಎಷ್ಟೋ ಸಲ ನಿಜ. ಎರಡನೆಯ ಅರ್ಧಕ್ಕೆ ತಲೆಯಾಡಿಸುವ ಮುನ್ನ ಮಾತ್ರ ಪೋಷಕರು ಒಂದು ಕ್ಷಣ ಯೋಚಿಸಬೇಕು. ಬೋರ್ಡ್ ಸುಟ್ಟರೂ ಹಾರ್ಡ್ ಡಿಸ್ಕ್ ಚೆನ್ನಾಗಿಯೇ ಉಳಿದಿರುವುದುಂಟು. ಮಗಳ ಪ್ರಾಜೆಕ್ಟ್ ವರದಿ, ಮನೆಯ ಫೋಟೊಗಳು, ಜೊತೆಗೆ ವಿಂಡೋಸ್ ಅಥವಾ ಉಬುಂಟು ಎಂಬ ಕಾರ್ಯಾಚರಣಾ ವ್ಯವಸ್ಥೆ ಎಲ್ಲವೂ ಇರುವುದು ಆ ಡಿಸ್ಕಿನಲ್ಲಿ. ಅದನ್ನು ಹಾಗೆಯೇ ಹೊಸ ಬೋರ್ಡಿಗೆ ಜೋಡಿಸಿದರೆ ಕಂಪ್ಯೂಟರ್ ಏಳುವುದಿಲ್ಲವೇ? ಇಂದಿನ ವ್ಯವಸ್ಥೆಗಳಾದರೆ ಬಹಳ ಸಲ ಏಳುತ್ತದೆ. ಏಳದಿದ್ದರೆ ಅದಕ್ಕೆ ಕಾರಣವಿರುತ್ತದೆ, ಆ ಕಾರಣವನ್ನು ಹತ್ತನೆಯ ತರಗತಿಯ ಹುಡುಗನೂ ಅರ್ಥಮಾಡಿಕೊಳ್ಳಬಹುದು.

ಬೀರುವಿನ ಕೀಲಿಯನ್ನು ಬೀರುವಿನೊಳಗೇ ಇಟ್ಟು ಬಾಗಿಲು ಹಾಕಿದಂತೆ ಈ ತೊಡಕು. ಕಂಪ್ಯೂಟರಿನ ಪ್ರತಿಯೊಂದು ಭಾಗದೊಡನೆ ಮಾತಾಡಲು ಕಾರ್ಯಾಚರಣಾ ವ್ಯವಸ್ಥೆಗೆ 'ಡ್ರೈವರ್' ಎಂಬ ಪುಟ್ಟ ತಂತ್ರಾಂಶ ಬೇಕು. ಡಿಸ್ಕನ್ನು ಓದಲೂ ಡ್ರೈವರ್ ಬೇಕು, ಆದರೆ ಆ ಡ್ರೈವರ್ ಇರುವುದು ಡಿಸ್ಕಿನಲ್ಲೇ! ಗುಂಡಿ ಒತ್ತಿದೊಡನೆ ಬೋರ್ಡಿನ ಸ್ವಂತ ಬುದ್ಧಿಯಾದ ಬಯಾಸ್, ವ್ಯವಸ್ಥೆಯ ತಿರುಳನ್ನೂ ಆರಂಭಕ್ಕೆ ಬೇಕಾದ ಕೆಲವು ಡ್ರೈವರುಗಳನ್ನೂ ಡಿಸ್ಕಿನಿಂದ ಮೆಮೊರಿಗೆ ಎತ್ತಿಕೊಡುತ್ತದೆ. ಅಲ್ಲಿಂದ ಮುಂದೆ ವ್ಯವಸ್ಥೆ ತನ್ನ ಕಾಲ ಮೇಲೆ ನಿಲ್ಲಬೇಕು. ಎತ್ತಿಕೊಟ್ಟ ಡ್ರೈವರುಗಳಲ್ಲಿ ಹೊಸ ಬೋರ್ಡಿನ ಡಿಸ್ಕ್ ನಿಯಂತ್ರಕಕ್ಕೆ ಹೊಂದುವುದು ಇಲ್ಲದಿದ್ದರೆ ಕಥೆ ಅಲ್ಲಿಗೇ ನಿಂತಿತು.

2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಹೀಗೆ ನಿಲ್ಲುವುದರಲ್ಲಿ ಹೆಸರುವಾಸಿ. '7ಬಿ' ಎಂದು ಕೊನೆಯಾಗುವ ಸಂಕೇತ ಹೊತ್ತ ಅದರ ನೀಲಿ ಪರದೆಯನ್ನು ಹಳೆಯ ರಿಪೇರಿಯವರು ಮರೆತಿರಲಾರರು. ತಾನು ಮೊದಲು ಕಂಡ ಬೋರ್ಡಿಗೆ ಬೇಕಾದಷ್ಟನ್ನೇ ಅದು ಸಿದ್ಧವಾಗಿಟ್ಟುಕೊಳ್ಳುತ್ತಿತ್ತು. 'ಬೋರ್ಡ್ ಬದಲಾದರೆ ಫಾರ್ಮ್ಯಾಟ್' ಎಂಬ ರೂಢಿಗೆ ಆ ಕಾಲದ ಅನುಭವವೇ ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ. ವಿಂಡೋಸ್ 8ರಿಂದೀಚೆಗೆ ಪರಿಸ್ಥಿತಿ ಸಾಕಷ್ಟು ಬದಲಾಗಿದೆ. ಹೊಸ ಬೋರ್ಡ್ ಕಂಡರೆ ವಿಂಡೋಸ್ ತನ್ನ ಉಗ್ರಾಣದಲ್ಲಿರುವ ಡ್ರೈವರುಗಳನ್ನು ಹುಡುಕಿ ಹೊಂದಿಸಿಕೊಳ್ಳಲು ನೋಡುತ್ತದೆ. ಹೊಸ ಇಂಟೆಲ್ ಬೋರ್ಡುಗಳಲ್ಲಿ ಡಿಸ್ಕ್ ನಿಯಂತ್ರಕ 'ರೇಡ್' ಅಥವಾ 'ವಿಎಂಡಿ' ಕ್ರಮದಲ್ಲಿದ್ದರೆ ಇಂದಿಗೂ ಅದೇ ಗೋಳು ಬರಬಹುದು. ಬಯಾಸಿನೊಳಗೆ ಹೋಗಿ ಅದನ್ನು 'ಎಎಚ್‌ಸಿಐ'ಗೆ ಬದಲಿಸಿದರೆ ಬಹುತೇಕ ಸರಿಹೋಗುತ್ತದೆ.

ಲಿನಕ್ಸ್ ಈ ವಿಷಯದಲ್ಲಿ ಮೊದಲಿನಿಂದಲೂ ಉದಾರಿ. ಉಬುಂಟು ತನ್ನ ಆರಂಭದ ಗಂಟಿನಲ್ಲಿ ಒಂದಲ್ಲ, ಹತ್ತಾರು ಬಗೆಯ ನಿಯಂತ್ರಕಗಳ ಡ್ರೈವರುಗಳನ್ನು ಕಟ್ಟಿಕೊಂಡೇ ಹೊರಡುತ್ತದೆ. ಡಿಸ್ಕನ್ನು ಯಾವ ತಂತಿಗೆ ಸಿಕ್ಕಿಸಿದ್ದೀರಿ ಎಂಬುದರ ಮೇಲಲ್ಲ, ಡಿಸ್ಕಿನ ಭಾಗಕ್ಕೇ ಕೊಟ್ಟ ಗುರುತುಸಂಖ್ಯೆಯ ಮೇಲೆ ಅದನ್ನು ಪತ್ತೆಹಚ್ಚುತ್ತದೆ. ಉಬುಂಟು ನಮ್ಮ ರಾಜ್ಯದ ಸರ್ಕಾರಿ ಪ್ರೌಢಶಾಲೆಗಳಿಗೆ ಅಪರಿಚಿತವೂ ಅಲ್ಲ. 2010ರ ದಶಕದಲ್ಲಿ ಬೆಂಗಳೂರಿನ 'ಐಟಿ ಫಾರ್ ಚೇಂಜ್' ಸಂಸ್ಥೆಯ ನೆರವಿನೊಡನೆ ನಡೆದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಗಣಿತ, ವಿಜ್ಞಾನದ ಮೇಷ್ಟ್ರುಗಳು ಜಿಯೋಜೀಬ್ರಾ ಕಲಿತದ್ದು ಅದರಲ್ಲೇ.

ಏಳುವುದು ಒಂದು ಮಾತು, ಪರವಾನಗಿ ಇನ್ನೊಂದು. ವಿಂಡೋಸ್ ತನ್ನ ಯಜಮಾನನನ್ನು ಗುರುತಿಸುವುದು ಮುಖ್ಯವಾಗಿ ಮದರ್‌ಬೋರ್ಡಿನಿಂದ. ರ‍್ಯಾಮ್ ಹೆಚ್ಚಿಸಿದರೆ ಅದು ತಕರಾರು ಮಾಡದು, ಬೋರ್ಡ್ ಬದಲಾದರೆ 'ಇದು ಬೇರೆ ಕಂಪ್ಯೂಟರ್' ಎನ್ನುತ್ತದೆ. ಪ್ರತ್ಯೇಕವಾಗಿ ಕೊಂಡ ಪರವಾನಗಿಯಾದರೆ ಹೊಸ ಬೋರ್ಡಿಗೆ ಸಾಗಿಸಬಹುದು. ಮುಂಚೆಯೇ ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿಟ್ಟಿದ್ದರೆ ಕೆಲಸ ಇನ್ನೂ ಸುಲಭ. ಕಂಪ್ಯೂಟರಿನೊಡನೆಯೇ ಬಂದ ಪರವಾನಗಿ ಸಾಮಾನ್ಯವಾಗಿ ಆ ಯಂತ್ರಕ್ಕೇ ಅಂಟಿದ್ದು.

ಇದಕ್ಕಿಂತ ಗಂಭೀರವಾದದ್ದು ಬೀಗದ ವಿಷಯ. ಇತ್ತೀಚಿನ ಅನೇಕ ಲ್ಯಾಪ್‌ಟಾಪುಗಳಲ್ಲಿ, ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕರೆ, ಡಿಸ್ಕಿನಲ್ಲಿರುವುದೆಲ್ಲ ತಾನಾಗಿಯೇ ಗೂಢಲಿಪಿಗೆ ತಿರುಗುತ್ತದೆ. 2024ರ ವಿಂಡೋಸ್ 11 ಆವೃತ್ತಿಯಿಂದ ಇದರ ವ್ಯಾಪ್ತಿ ಇನ್ನೂ ಹಿಗ್ಗಿದೆ. ಅದರ ಕೀಲಿಯನ್ನು ಕಾಯುವುದು ಬೋರ್ಡಿನಲ್ಲಿರುವ 'ಟಿಪಿಎಂ' ಎಂಬ ಕಾವಲುಗಾರ. ಬೋರ್ಡ್ ಹೋದರೆ ಕಾವಲುಗಾರನೂ ಹೋದ. ಹೊಸ ಬೋರ್ಡಿನಲ್ಲಿ ಅದೇ ಡಿಸ್ಕ್ 48 ಅಂಕಿಗಳ ಸಂಖ್ಯೆಯೊಂದನ್ನು ಕೇಳುತ್ತದೆ. ಆ ಸಂಖ್ಯೆ ಇಲ್ಲದಿದ್ದರೆ ಯಾವ ರಿಪೇರಿಯವನೂ, ಮೈಕ್ರೋಸಾಫ್ಟೂ, ಒಳಗಿನ ಒಂದು ಅಕ್ಷರವನ್ನೂ ತೆಗೆದುಕೊಡಲಾರರು. ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ದಾಖಲಾಗಿರುತ್ತದೆ. ಆ ಖಾತೆಯನ್ನು ಯಾರ ಮೊಬೈಲ್ ಸಂಖ್ಯೆ ಕೊಟ್ಟು ತೆರೆದಿರಿ, ಪಾಸ್‌ವರ್ಡ್ ಏನು ಎಂಬುದು ನೆನಪಿದೆಯೇ? ಕಂಪ್ಯೂಟರ್ ಚೆನ್ನಾಗಿರುವಾಗಲೇ, ಸಾಧ್ಯವಾದರೆ ಇವತ್ತೇ, ಆ 48 ಅಂಕಿಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಮಾರ್ಕ್ಸ್ ಕಾರ್ಡುಗಳ ಜೊತೆ ಇಡಿ.

ಅಂಗಡಿಯ ಹುಡುಗ ಮೋಸಗಾರನೆಂದು ನಾನು ಹೇಳುತ್ತಿಲ್ಲ. ಫಾರ್ಮ್ಯಾಟ್ ಮಾಡಿದರೆ ಎಷ್ಟು ಹೊತ್ತು ಹಿಡಿಯುತ್ತದೆಂದು ಅವನಿಗೆ ಗೊತ್ತು, ನಾಳೆ ದೂರು ಬರುವ ಸಂಭವವೂ ಕಡಿಮೆ. ಡಿಸ್ಕೇ ಕೆಡುತ್ತಿದ್ದರೆ, ವೈರಸ್ ತುಂಬಿದ್ದರೆ, ಅವನ ಮಾತೇ ಸರಿ. ಆದರೆ ನಷ್ಟವಾಗುವುದು ನಮ್ಮ ಸರಕು. ಹಳೆಯ ನುಡಿ ಅಥವಾ ಬರಹದಲ್ಲಿ ಟೈಪ್ ಮಾಡಿದ ಕನ್ನಡ ಕಡತಗಳನ್ನೇ ನೋಡಿ. ಯೂನಿಕೋಡ್ ಅಲ್ಲದ ಆ ಬರಹಗಳು ಡಿಸ್ಕಿನಲ್ಲಿ ಕೂತಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ವೇಷದಲ್ಲಿ. ಆಯಾ ಫಾಂಟ್ ಇದ್ದರೆ ಮಾತ್ರ ಕನ್ನಡವಾಗಿ ಕಾಣುತ್ತವೆ. ಕಡತವನ್ನಷ್ಟೇ ಉಳಿಸಿಕೊಂಡು ಉಳಿದದ್ದನ್ನು ಒರೆಸಿಬಿಟ್ಟರೆ, ಪ್ರಶ್ನೆಪತ್ರಿಕೆ ತೆರೆದ ಮೇಷ್ಟ್ರಿಗೆ ಕಾಣುವುದು ಬರೀ ಕಲಸುಮೇಲೋಗರ. ಫಾಂಟನ್ನು ಮತ್ತೆ ಹಾಕಬಹುದು, ನಿಜ. ಯಾವ ಫಾಂಟ್ ಎಂದು ಗೊತ್ತಿರಬೇಕಷ್ಟೆ.

ಆದ್ದರಿಂದ ಅಂಗಡಿಯಲ್ಲಿ ಹೀಗೆ ಕೇಳಿ: 'ಮೊದಲು ಡಿಸ್ಕ್ ಬಿಚ್ಚಿ, ಬೇರೆ ಕಂಪ್ಯೂಟರಿಗೆ ಹಾಕಿ ಕಡತಗಳ ನಕಲು ತೆಗೆಯಿರಿ. ಆಮೇಲೆ ಹೊಸ ಬೋರ್ಡಿಗೆ ಇದೇ ಡಿಸ್ಕ್ ಹಾಕಿ ನೋಡಿ. ಏಳದಿದ್ದರೆ ಫಾರ್ಮ್ಯಾಟ್ ಇದ್ದೇ ಇದೆ.' ಡಿಸ್ಕ್ ಹಳೆಯ ಬಯಾಸ್ ಪದ್ಧತಿಯಲ್ಲಿ ಸಿದ್ಧವಾದದ್ದಾಗಿದ್ದು, ಬೋರ್ಡ್ ಹೊಸ ಯುಇಎಫ್‌ಐ ಪದ್ಧತಿಯನ್ನು ಮಾತ್ರ ಬಲ್ಲದ್ದಾದರೆ ಡಿಸ್ಕಿನ ವಿನ್ಯಾಸವನ್ನು ಬದಲಿಸಬೇಕಾದೀತು. ವಿಂಡೋಸ್ 10ಕ್ಕೆ 2017ರಲ್ಲಿ ಸೇರಿದ ಉಪಕರಣವೊಂದು ಇದನ್ನು ಕಡತ ಅಳಿಸದೆ ಮಾಡುತ್ತದೆ.

ಮೊದಲ ಸಲ ಏಳುವಾಗ ತಡವಾಗುತ್ತದೆ, ಒಂದೆರಡು ಸಲ ತಾನಾಗಿಯೇ ಆರಿ ಹೊತ್ತಿಕೊಳ್ಳಲೂಬಹುದು. ಗಾಬರಿಯಾಗಿ ಸ್ವಿಚ್ ತೆಗೆಯಬೇಡಿ. ಪರದೆಯ ಅಕ್ಷರಗಳು ದಪ್ಪದಪ್ಪವಾಗಿ ಕಂಡರೆ ಚಿತ್ರದ ಡ್ರೈವರ್ ಇನ್ನೂ ಬಂದಿಲ್ಲವೆಂದು ಅರ್ಥ. ಇಂಟರ್ನೆಟ್ ಸಿಕ್ಕರೆ ಉಳಿದದ್ದನ್ನು ವಿಂಡೋಸ್ ತಾನೇ ತರಿಸಿಕೊಳ್ಳುತ್ತದೆ. ಆ ಇಂಟರ್ನೆಟ್ಟಿಗೂ ಡ್ರೈವರ್ ಬೇಕಲ್ಲ, ಅದನ್ನು ಅಂಗಡಿಯಲ್ಲೇ ಒಂದು ಪೆನ್‌ಡ್ರೈವಿಗೆ ಹಾಕಿಸಿಕೊಂಡು ಬನ್ನಿ.