ಸೊಪ್ಪಿಲ್ಲದ ಎರಡು ತಿಂಗಳು: ನಡುವಯಸ್ಸಿನ ಮರುಶುರು

ನಡುವಯಸ್ಸು ಎಂದರೆ ಎಷ್ಟರಿಂದ ಎಷ್ಟು ಎಂಬ ಪ್ರಶ್ನೆಗೆ ಹೆಚ್ಚು ಹೊತ್ತು ಕೊಡುವುದು ಬೇಡ. ಈ ಅಧ್ಯಾಯದ ಮಟ್ಟಿಗೆ ನಲವತ್ತರಿಂದ ಅರವತ್ತು ಎಂದಿಟ್ಟುಕೊಳ್ಳೋಣ. ಮೂವತ್ತೆಂಟರವರಾಗಲಿ ಅರವತ್ತೆರಡರವರಾಗಲಿ ಜಗಳಕ್ಕೆ ಬರಬೇಕಾಗಿಲ್ಲ. ಮರುಶುರು ಎಂದರೆ ಅದುವರೆಗೆ ಮನೆ ನಡೆಸಿದ್ದ ಕಸುಬು ಹೋಗಿ ಬೇರೊಂದು ಕೈಗೆ ಬರುವುದು. ತಾವಾಗಿ ಬಿಟ್ಟರೂ ಸರಿ, ಬಿಡಿಸಿದ್ದಕ್ಕೆ ಬಿಟ್ಟರೂ ಸರಿ. ಈ ವಿಷಯ ಎತ್ತಿದೊಡನೆ ಸಾಫ್ಟ್‌ವೇರ್ ಕೆಲಸ ಬಿಟ್ಟು ತೋಟ ಮಾಡಿದವರ ಕಥೆ ಮುಂದೆ ಬಂದು ನಿಲ್ಲುತ್ತದೆ. ಅವರ ಮೇಲೆ ತಕರಾರಿಲ್ಲ. ಆದರೆ ಬ್ಯಾಂಕಿನಲ್ಲಿ ಉಳಿತಾಯ ಇಟ್ಟುಕೊಂಡು ಹೊರಟವರನ್ನು ನೋಡಿದರೆ ಈ ಮರುಶುರುವಿನ ಕೀಲು ಎಲ್ಲಿದೆ ಎಂಬುದೇ ಕಾಣುವುದಿಲ್ಲ. ಕೀಲು ಕಾಣಬೇಕಾದರೆ ಕೊಳ್ಳೇಗಾಲ, ಹನೂರು, ಯಳಂದೂರಿನ ಕಡೆಗೆ ಬರಬೇಕು. ಕಳೆದ ಐವತ್ತು ವರ್ಷಗಳಲ್ಲಿ ಈ ಮೂರು ನೆರೆ ತಾಲ್ಲೂಕುಗಳಲ್ಲಿ ಮೂರು ಬೇರೆ ಬೇರೆ ಸಮುದಾಯದವರು ನಡುವಯಸ್ಸಿನಲ್ಲಿ ಕಸುಬು ಬದಲಿಸಿದ್ದಾರೆ: ಮಳೆ ನಂಬಿ ಹಿಪ್ಪುನೇರಳೆ ಬೆಳೆಯುತ್ತಿದ್ದ ರೈತರು, ಬಿಳಿಗಿರಿರಂಗನ ಬೆಟ್ಟ ಮತ್ತು ಮಲೆ ಮಹದೇಶ್ವರ ಬೆಟ್ಟದ ಸೋಲಿಗರು, ಒಡೆಯರಪಾಳ್ಯದ ಟಿಬೆಟನ್ನರು.

ಮೊದಲು ದಾರಿಯಲ್ಲಿರುವ ಒಂದು ಕಲ್ಲನ್ನು ಪಕ್ಕಕ್ಕೆ ಸರಿಸೋಣ. "ಹಿಂದೆ ಜನ ಮೂವತ್ತೆರಡಕ್ಕೇ ಸಾಯುತ್ತಿದ್ದರು, ಅವರಿಗೆಲ್ಲಿಯ ನಡುವಯಸ್ಸು?" ಎಂದು ಓದಿದವರೂ ಕೇಳುವುದುಂಟು. 1940ರ ದಶಕದಲ್ಲಿ ಭಾರತೀಯರ ಸರಾಸರಿ ಆಯುಷ್ಯ ಸುಮಾರು 32 ವರ್ಷ ಇದ್ದದ್ದು ನಿಜ. ಆದರೆ ಸರಾಸರಿಯ ಒಳಗೇನಿದೆ ನೋಡಿ. ಒಂದು ಮನೆಯಲ್ಲಿ ಐದು ಮಕ್ಕಳು ಹುಟ್ಟಿದವು. ಅವುಗಳಲ್ಲಿ ಎರಡು, ಒಂದು ವರ್ಷ ತುಂಬುವ ಮೊದಲೇ ತೀರಿಕೊಂಡವು. ಉಳಿದ ಮೂವರು 50, 55, 60ರವರೆಗೆ ಬದುಕಿದರು. ಒಟ್ಟು 165, ಐದರಿಂದ ಭಾಗಿಸಿದರೆ 33. ಆ ಮನೆಯಲ್ಲಿ ಮೂವತ್ಮೂರಕ್ಕೆ ಸತ್ತವರು ಒಬ್ಬರೂ ಇಲ್ಲ! ಹುಟ್ಟಿನ ಲೆಕ್ಕದ ಆಯುಷ್ಯ ಬಹುಪಾಲು ತೊಟ್ಟಿಲ ಲೆಕ್ಕ. ನಲವತ್ತು ದಾಟಿದವರು ಕೇಳಬೇಕಾದ ಪ್ರಶ್ನೆ ಬೇರೆ: ಇಲ್ಲಿಯವರೆಗೆ ಬಂದವರಿಗೆ ಇನ್ನೆಷ್ಟು ಉಳಿದಿದೆ? ಇಂದಿನ ಭಾರತದಲ್ಲಿ ಆ ಸರಾಸರಿ ಮೂವತ್ತು ವರ್ಷಕ್ಕೂ ಹೆಚ್ಚು. ಇಪ್ಪತ್ತಕ್ಕೆ ದುಡಿಮೆ ಹಿಡಿದವರಿಗೆ ಹಿಂದೆ ಕಳೆದದ್ದಕ್ಕಿಂತ ಮುಂದೆ ಉಳಿದದ್ದೇ ಉದ್ದ.

ಎರಡನೆಯ ಕಲ್ಲು ದೊಡ್ಡದು. ಈ ವಿಷಯ ವಿವರಿಸುವಾಗ ಕೇಳುವವರು ಎಡವುವುದು ಹೆಚ್ಚಾಗಿ ಇಲ್ಲಿಯೇ. ವಯಸ್ಸಾದಂತೆ ತಲೆಗೆ ಹೊಸದು ಹತ್ತುವುದಿಲ್ಲ ಎಂಬ ನಂಬಿಕೆ ಗಾದೆಗಳಲ್ಲೂ ಇದೆ, ಹಳೆಯ ಮನೋವಿಜ್ಞಾನದ ಪುಸ್ತಕಗಳಲ್ಲೂ ಇತ್ತು. ಪುಸ್ತಕಗಳಿಗೆ ಅದು ಬಂದದ್ದು ಹೀಗೆ: ಇಪ್ಪತ್ತು, ನಲವತ್ತು, ಅರವತ್ತು ವಯಸ್ಸಿನ ಜನರನ್ನು ಒಂದೇ ದಿನ ಕೂರಿಸಿ ಪರೀಕ್ಷೆ ಕೊಟ್ಟರು, ಅಂಕಗಳು ವಯಸ್ಸಿನೊಂದಿಗೆ ಮೆಟ್ಟಿಲಿಳಿದವು, ವಯಸ್ಸೇ ಕಾರಣ ಎಂದು ಬರೆದುಕೊಂಡರು. ಇದೇ ಪರೀಕ್ಷೆಯನ್ನು ಹನೂರಿನ ಒಂದು ಹಳ್ಳಿಯಲ್ಲಿ ಮಾಡಿದರೆ ತಪ್ಪು ಎಲ್ಲಿದೆ ಎಂಬುದು ಮಕ್ಕಳಿಗೂ ಹೊಳೆಯುತ್ತದೆ. 2001ರ ಜನಗಣತಿಯಲ್ಲಿ ಚಾಮರಾಜನಗರ ಜಿಲ್ಲೆಯ ಸಾಕ್ಷರತೆ ಸುಮಾರು ಶೇ. 51, 2011ರಲ್ಲಿ ಸುಮಾರು ಶೇ. 61, ಆಗ ರಾಜ್ಯದ್ದು ಶೇ. 75. ಇಲ್ಲಿ ಅರವತ್ತರ ಅಜ್ಜಿ ಶಾಲೆಯ ಮೆಟ್ಟಿಲು ಹತ್ತಿರದಿದ್ದರೆ ಅಚ್ಚರಿಯಿಲ್ಲ. ಮೊಮ್ಮಗಳು ಪಿಯುಸಿ ಓದಿರಬಹುದು. ಇಬ್ಬರ ಅಂಕಗಳ ನಡುವಿನ ಅಂತರ ಬಹುಪಾಲು ಶಾಲೆಯದು, ಮಿದುಳಿನದಲ್ಲ. ತಲೆಮಾರಿನ ಅಂತರವನ್ನು ವಯಸ್ಸಿನ ಅಂತರ ಎಂದು ಓದಿಬಿಡುವ ಈ ತಪ್ಪು ತಿಳಿಯಬೇಕಾದರೆ ಅದೇ ವ್ಯಕ್ತಿಯನ್ನು ವರ್ಷಗಟ್ಟಲೆ ಹಿಂಬಾಲಿಸಬೇಕು. ಅಮೆರಿಕದ ಸಿಯಾಟಲ್‌ನಲ್ಲಿ ವಾರ್ನರ್ ಶೈ 1956ರಲ್ಲಿ ಅಂಥ ಅಧ್ಯಯನ ಶುರುಮಾಡಿ, ಏಳೇಳು ವರ್ಷಕ್ಕೊಮ್ಮೆ ಅದೇ ಜನರನ್ನು ಮತ್ತೆ ಪರೀಕ್ಷಿಸಿದರು. ಮೆಟ್ಟಿಲುಗಳಲ್ಲಿ ಬಹುಪಾಲು ಮಾಯವಾದವು. ಕೈ–ಕಣ್ಣಿನ ಚುರುಕು ಯೌವನದಿಂದಲೇ ನಿಧಾನವಾಗಿ ಇಳಿಯುತ್ತದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಪದಸಂಪತ್ತು, ತರ್ಕ, ಕೂಡಿಟ್ಟ ತಿಳಿವಳಿಕೆಯನ್ನು ಬಳಸುವ ಶಕ್ತಿ ನಡುವಯಸ್ಸಿನುದ್ದಕ್ಕೂ ಗಟ್ಟಿಯಾಗಿಯೇ ನಿಲ್ಲುತ್ತವೆ, ಕೆಲವು ಏರುತ್ತವೆ ಕೂಡ. ಅಮೆರಿಕದಲ್ಲಿ ಅತಿ ವೇಗವಾಗಿ ಬೆಳೆದ ಹೊಸ ಕಂಪನಿಗಳ ಲೆಕ್ಕ ತೆಗೆದಾಗ, ಅವನ್ನು ಕಟ್ಟಿದವರ ಸರಾಸರಿ ವಯಸ್ಸು 45 ಎಂದು ಬಂತು. ಕಾಲೇಜು ಬಿಟ್ಟ ಹುಡುಗರ ಕಥೆಗಳನ್ನೇ ಕೇಳಿದ ನಮಗೆ ಇದು ಅಷ್ಟು ಸುಲಭವಾಗಿ ಗಂಟಲಲ್ಲಿ ಇಳಿಯುವುದಿಲ್ಲ.

ಇನ್ನು "ನಡುವಯಸ್ಸಿನ ಬಿಕ್ಕಟ್ಟು" ಎಂಬ ಮಾತು. ಮನೋವಿಶ್ಲೇಷಕ ಎಲಿಯಟ್ ಜಾಕ್ಸ್ 1965ರ ಒಂದು ಪ್ರಬಂಧದಲ್ಲಿ ಇದನ್ನು ಬಳಕೆಗೆ ತಂದರು; ಅವರ ಮುಂದಿದ್ದದ್ದು ಹೆಚ್ಚಾಗಿ ಕಲಾವಿದರ ಜೀವನಗಳು. ಅಲ್ಲಿಂದ ಅದು ಎಲ್ಲರಿಗೂ ಬಂದೇ ಬರುವ ಘಟ್ಟ ಎಂಬಂತೆ ಹರಡಿತು. ಈ ಘಟ್ಟಕ್ಕೆ ರೇಷ್ಮೆ ಸಾಕುವವರಿಗೆ ತಟ್ಟನೆ ಹಿಡಿಸುವ ಒಂದು ಹೋಲಿಕೆ ಇದೆ. ಹುಳು ನಾಲ್ಕು ಸಲ "ಜ್ವರ"ಕ್ಕೆ ಕೂರುತ್ತದೆ. ಸೊಪ್ಪು ಮುಟ್ಟದೆ ತಲೆ ಎತ್ತಿ ನಿಂತು, ಹಳೆಯ ಚರ್ಮ ಕಳಚಿ ಏಳುತ್ತದೆ. ಮನುಷ್ಯನಿಗೂ ನಲವತ್ತರಲ್ಲಿ ಒಂದು ಜ್ವರ ಎಂದುಬಿಟ್ಟರೆ ಚೆಂದ. ಚೆಂದ, ಆದರೆ ತಪ್ಪು. ಹುಳುವಿನ ಜ್ವರ ಅದರ ಮೈಯೊಳಗಿನ ರಸದೂತಗಳ ಆಜ್ಞೆ, ದಿನ ಎಣಿಸಿ ಹೇಳಬಹುದು. ಮನುಷ್ಯನಲ್ಲಿ ಅಂಥ ಪಂಚಾಂಗ ಸಿಕ್ಕಿಲ್ಲ. ಅಮೆರಿಕದ ಸಮೀಕ್ಷೆಯೊಂದರಲ್ಲಿ ಇಂಥ ಬಿಕ್ಕಟ್ಟು ಬಂದಿತ್ತು ಎಂದವರು ಸುಮಾರು ನಾಲ್ವರಲ್ಲಿ ಒಬ್ಬರು. ಅವರಲ್ಲೂ ಬಹಳ ಮಂದಿ ಹೇಳಿದ ಕಾರಣ ಕೆಲಸ ಹೋದದ್ದು, ಕಾಯಿಲೆ, ಸಾವು, ಮುರಿದ ಮದುವೆ. ಅಂದರೆ ಘಟನೆ, ವಯಸ್ಸಲ್ಲ. ಕೊಳ್ಳೇಗಾಲದ ರೈತನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅವನ ಬಿಕ್ಕಟ್ಟಿಗೆ ಗೂಡಿನ ಮಾರುಕಟ್ಟೆಯ ದರಪಟ್ಟಿಯಲ್ಲೇ ದಿನಾಂಕವಿದೆ.

ಹುಳುವಿನ ಹೋಲಿಕೆ ಕೆಟ್ಟರೆ ಗಿಡದ ಹೋಲಿಕೆ ನಿಲ್ಲುತ್ತದೆ. ಹಿಪ್ಪುನೇರಳೆ ತೋಟವನ್ನು ಬುಡಮಟ್ಟಕ್ಕೆ ಕತ್ತರಿಸುವುದನ್ನು ಮೊದಲ ಸಲ ನೋಡಿದವರಿಗೆ ತೋಟ ತೆಗೆಯುತ್ತಿದ್ದಾರೆ ಎನ್ನಿಸುತ್ತದೆ. ಎರಡು ತಿಂಗಳಿಗೆಲ್ಲ ಅದೇ ಬುಡ ಕೊಯ್ಲಿಗೆ ಬರುವಷ್ಟು ಸೊಪ್ಪು ಕೊಡುತ್ತದೆ. ಹೊಸ ಕಡ್ಡಿ ನೆಟ್ಟ ತೋಟ ಆ ಹಂತಕ್ಕೆ ಬರಲು ಸುಮಾರು ಆರು ತಿಂಗಳು ಬೇಕು. ವ್ಯತ್ಯಾಸ ಕತ್ತರಿಸಿದ ತುದಿಯಲ್ಲಿಲ್ಲ, ಮಣ್ಣಿನೊಳಗಿದೆ. ನಡುವಯಸ್ಸಿನವರು ಸೊನ್ನೆಯಿಂದ ಶುರುಮಾಡುತ್ತಾರೆ ಎಂಬ ಮಾತು ಈ ಕಾರಣಕ್ಕೇ ಸುಳ್ಳು: ಹವಾಮಾನ ಓದುವುದು, ಜನರನ್ನು ತೂಗುವುದು, ಬೆರಳಿನ ಹದ, ಯಾರ ಮಾತಿಗೆ ಬೆಲೆ ಎಂಬ ಅಂದಾಜು, ಇವೆಲ್ಲ ಬೇರು. ಇಲ್ಲಿಯವರೆಗೆ ಎಲ್ಲರೂ ತಲೆದೂಗುತ್ತಾರೆ. ಆದರೆ ಬುಡ ಕತ್ತರಿಸುವ ರೈತನ ಲೆಕ್ಕದಲ್ಲಿ ಇನ್ನೊಂದು ಅಂಕಿ ಇದೆ, ಹೋಲಿಕೆ ಮಾಡುವವರು ಅದನ್ನು ಮರೆಯುತ್ತಾರೆ. ಆ ಎರಡು ತಿಂಗಳು ಸೊಪ್ಪಿಲ್ಲ. ಸೊಪ್ಪಿಲ್ಲದಿದ್ದರೆ ಹುಳುವಿಲ್ಲ, ಗೂಡಿಲ್ಲ, ಕಾಸಿಲ್ಲ. ಎರಡೆಕರೆ ಇದ್ದವನು ತೋಟ ಭಾಗ ಮಾಡಿ ಸರದಿಯ ಮೇಲೆ ಕತ್ತರಿಸುತ್ತಾನೆ. ಹತ್ತು ಗುಂಟೆ ಇದ್ದವನಿಗೆ ಸರದಿ ಎಲ್ಲಿಂದ ಬರಬೇಕು? ಈ ಅಧ್ಯಾಯದ ವಾದ ಇಷ್ಟೇ: ನಡುವಯಸ್ಸಿನ ಮರುಶುರುವಿಗೆ ತಡೆ ಇರುವುದು ತಲೆಯಲ್ಲಲ್ಲ, ಎದೆಯಲ್ಲೂ ಅಲ್ಲ, ಆ ಸೊಪ್ಪಿಲ್ಲದ ತಿಂಗಳುಗಳಲ್ಲಿ. ಇಪ್ಪತ್ತರ ಹುಡುಗ ಆ ತಿಂಗಳುಗಳನ್ನು ಅಪ್ಪನ ಮನೆಯಲ್ಲಿ ಉಂಡು ಕಳೆಯುತ್ತಾನೆ. ನಲವತ್ತೈದರವರ ಮನೆಯಲ್ಲಿ ಉಣ್ಣುವವರೆಲ್ಲ ಅವರ ಕೈಯನ್ನೇ ನೋಡುತ್ತಿರುತ್ತಾರೆ.

ಸೋಲಿಗರನ್ನು ನೋಡಿ. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ವನ್ಯಜೀವಿಧಾಮವಾದ ಮೇಲೆ ಜಾಗ ಬದಲಿಸುತ್ತ ರಾಗಿ ಬಿತ್ತುವ ಬೇಸಾಯವೂ ಬೇಟೆಯೂ ನಿಂತವು. ಪೋಡುಗಳು, ಅಂದರೆ ಸೋಲಿಗರ ಹಾಡಿಗಳು, ಒಂದೆಡೆ ನೆಲೆ ನಿಂತವು. ಜೇನು, ನೆಲ್ಲಿಕಾಯಿ, ಸೀಗೆ, ಪಾಚಿ ಸಂಗ್ರಹಿಸಿ ಆದಿವಾಸಿಗಳ ಲ್ಯಾಂಪ್ಸ್ ಸಹಕಾರ ಸಂಘಕ್ಕೆ ಹಾಕುವುದು ಮುಖ್ಯ ಆದಾಯವಾಯಿತು. ಪೋಡುಗಳಲ್ಲಿ ನೆರಳಿನಡಿ ಕಾಫಿ ಬಂತು. ಕಾಡಿನ ಮರಗಳ ನೆರಳು, ತೇವ, ಹೂಬಿಡುವ ಕಾಲ ಬಲ್ಲವರಿಗೆ ಕಾಫಿ ಹೊಸ ವಿದ್ಯೆಯೇನಲ್ಲ, ಅದು ಬೇರಿನಿಂದ ಬಂದದ್ದು. ಆದರೆ ಕಾಫಿ ಗಿಡ ಫಸಲು ಕೊಡಲು ಮೂರು ನಾಲ್ಕು ವರ್ಷ ಬೇಕು, ಆ ವರ್ಷಗಳನ್ನು ದಾಟಿಸಿದ್ದು ಕಾಡಿನ ಉತ್ಪನ್ನ. ಈ ಶತಮಾನದ ಮೊದಲ ದಶಕದಲ್ಲಿ ವನ್ಯಜೀವಿ ಕಾನೂನಿನ ತಿದ್ದುಪಡಿಯ ಹೆಸರಿನಲ್ಲಿ ಮಾರಾಟಕ್ಕಾಗಿ ಸಂಗ್ರಹಿಸುವುದಕ್ಕೆ ತಡೆ ಬಿದ್ದಾಗ ಮುರಿದದ್ದು ಆ ಸೇತುವೆ. 2011ರಲ್ಲಿ, ಹುಲಿ ಮೀಸಲು ಪ್ರದೇಶವೆಂಬ ಘೋಷಣೆಯಾದ ವರ್ಷವೇ, ಅರಣ್ಯ ಹಕ್ಕು ಕಾಯ್ದೆಯಡಿ ಪೋಡುಗಳಿಗೆ ಸಮುದಾಯ ಹಕ್ಕು ಸಿಕ್ಕಿತು. ನಡುವಿನ ವರ್ಷಗಳಲ್ಲಿ ಕೂಲಿಗೆ ಬೆಟ್ಟ ಇಳಿದವರಲ್ಲಿ ಧೈರ್ಯ ಕಡಿಮೆಯಾಗಿತ್ತು ಎನ್ನುವುದು ಲೆಕ್ಕ ಗೊತ್ತಿಲ್ಲದವರ ಮಾತು. ಹನೂರು ತಾಲ್ಲೂಕಿನ ಮಹದೇಶ್ವರ ಬೆಟ್ಟದಲ್ಲಿ ಇದರ ತಿರುಗುಮುರುಗು ಚಿತ್ರ ಕಾಣುತ್ತದೆ. ಬಿದಿರು ಕೈಗೆ ಸಿಗದಂತಾದಾಗ, ಬೆಂಗಳೂರಿನ ಏಟ್ರೀ ಸಂಸ್ಥೆ ಅಲ್ಲಿಯ ಕುಶಲಕರ್ಮಿಗಳಿಗೆ ಕಾಡಿನಲ್ಲಿ ಹಬ್ಬಿದ ಲಂಟಾನ ಕಳೆಯಿಂದ ಕುರ್ಚಿ, ಮೇಜು ಮಾಡುವ ತರಬೇತಿ ಕೊಟ್ಟಿತು. ಕಡ್ಡಿಯನ್ನು ನೀರಿನಲ್ಲಿ ಬೇಯಿಸಿ, ಸಿಪ್ಪೆ ಸುಲಿದು, ಬಿಸಿಯಿರುವಾಗಲೇ ಬಾಗಿಸಬೇಕು. ಬಿದಿರು ಬಲ್ಲ ಬೆರಳಿಗೆ ಅದು ಬೇಗ ಒಲಿಯಿತು. ಕಚ್ಚಾ ಮಾಲು ಪುಕ್ಕಟೆ, ಮಾಡಿದ ಕೂಡಲೇ ಮಾರಬಹುದು, ಹೀಗಾಗಿ ಸೊಪ್ಪಿಲ್ಲದ ಕಾಲವೇ ಮೊಟಕಾಯಿತು.

ಒಡೆಯರಪಾಳ್ಯದ ಧೋಂಡೆನ್‌ಲಿಂಗ್ ವಸಾಹತು ನೆಲೆಗೊಂಡದ್ದು 1970ರ ದಶಕದ ನಡುವಿನಲ್ಲಿ. 1959ರಲ್ಲಿ ಇಪ್ಪತ್ತೈದರ ಪ್ರಾಯದಲ್ಲಿ ಟಿಬೆಟ್ ಬಿಟ್ಟವರು ಇಲ್ಲಿ ನೇಗಿಲು ಹಿಡಿಯುವಾಗ ನಲವತ್ತರವರು. ಬಾರ್ಲಿ, ಯಾಕ್, ಚಳಿ ಬಲ್ಲವರಿಗೆ ಮುಂಗಾರಿನ ಮೆಕ್ಕೆಜೋಳ ಒಪ್ಪಿಸಿದಂತಾಯಿತು. ಇಲ್ಲಿ ಬೇರೇ ಇಲ್ಲ ಎನ್ನಬಹುದು. ಬೇಸಾಯದ ಬೇರು ಕಡಿಮೆಯೇ, ವ್ಯಾಪಾರದ ಬೇರು ಇತ್ತು. ಮಳೆಯ ಬೆಳೆ ಕೊಯ್ದ ಮೇಲೆ ಹೊಲ ಬರಿದಾಗುವ ತಿಂಗಳುಗಳು, ಊರೂರಿಗೆ ಚಳಿ ಬೀಳುವ ತಿಂಗಳುಗಳು, ಎರಡೂ ಒಂದೇ. ದಕ್ಷಿಣದ ಟಿಬೆಟನ್ ವಸಾಹತುಗಳವರು ಆ ಹೊತ್ತಿಗೆ ಸ್ವೆಟರ್ ಗಂಟು ಕಟ್ಟಿ ನಗರಗಳ ಫುಟ್‌ಪಾತಿಗೆ ಹೊರಡುತ್ತಾರೆ. ಇದನ್ನು ಉಪಕಸುಬು ಎಂದು ಬರೆಯುವುದು ರೂಢಿ. ಅದು ಉಪಕಸುಬಲ್ಲ, ಮುಖ್ಯ ಕಸುಬಿನ ಸೇತುವೆ. ಜೊತೆಗೆ ಸರ್ಕಾರದ ನೆಲ, ಸಹಕಾರ ಸಂಘ, ಹೊರಗಿನ ನೆರವು ಇದ್ದವು. ನಮ್ಮ ರೈತನಿಗೆ ಇಷ್ಟು ಸಿಕ್ಕಿತೇ ಎಂಬ ಕೊಂಕು ಮಾತು ಆಗಾಗ ಕೇಳುತ್ತದೆ. ಪ್ರಶ್ನೆ ಸರಿ, ಕೊಂಕು ತಪ್ಪು: ಅವರಿಗೆ ಸಿಕ್ಕಿದ್ದರಿಂದ ಏನು ಸಾಧ್ಯವಾಯಿತು ಎಂಬುದೇ ಇಲ್ಲಿಯ ಪಾಠ.

ನಮ್ಮ ರೈತನ ಕಥೆ ಹೀಗಿದೆ. ಕೊಳ್ಳೇಗಾಲ 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಾಗ ಇಡೀ ಮದ್ರಾಸ್ ಪ್ರಾಂತ್ಯದ ರೇಷ್ಮೆಗೆ ಇದೇ ತವರು. 1980ರಲ್ಲಿ ರೇಷ್ಮೆಹುಳುವನ್ನು ಕೊಲ್ಲುವ ಊಜಿ ನೊಣ ಬಂತು, ಬರಗಳು ಬಂದವು, ಆಮೇಲೆ ಅಗ್ಗದ ಚೀನಾ ರೇಷ್ಮೆ; 2003ರಲ್ಲಿ ಕೇಂದ್ರ ಸರ್ಕಾರ ಅದರ ಮೇಲೆ ವಿಶೇಷ ಸುಂಕ ಹಾಕುವ ಹೊತ್ತಿಗೆ ಮಳೆಯಾಶ್ರಿತ ತೋಟಗಳು ಬಹಳಷ್ಟು ಕಿತ್ತುಹೋಗಿದ್ದವು. ಕೊಳವೆಬಾವಿ ಇದ್ದವರು ಅರಿಸಿನ, ಬಾಳೆ, ಕಬ್ಬಿನ ಕಡೆ ಹೊರಳಿದರು. ಅರಿಸಿನ ಎಂಟೊಂಬತ್ತು ತಿಂಗಳ ಬೆಳೆ. ರೇಷ್ಮೆಯಲ್ಲಿ ತಿಂಗಳೊಪ್ಪತ್ತಿಗೆ ಕಾಸು ಕಂಡ ಮನೆ ಒಂಬತ್ತು ತಿಂಗಳು ಕಾಯಬೇಕು. ಕಾಯಬಲ್ಲವರು ರೈತರಾಗಿ ಉಳಿದರು, ಕಾಯಲಾರದವರು ಬಸ್ಸು ಹತ್ತಿದರು. ಮನೆಯೊಳಗೆ ಹುಳು ಸಾಕುತ್ತಿದ್ದವರು ಬಹುಪಾಲು ಹೆಂಗಸರು. ಹುಳು ಹಣ್ಣಾದದ್ದನ್ನು ಮೈಬಣ್ಣ ನೋಡಿಯೇ ಹೇಳಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡುತ್ತಿದ್ದ ಆ ಕಣ್ಣಿಗೆ ಹೊಸ ಕೆಲಸದಲ್ಲಿ ಯಾರೂ ಬೆಲೆ ಕಟ್ಟಲಿಲ್ಲ. ಬೇರು ಇದ್ದೂ ಒಣಗಿದ ಉದಾಹರಣೆ ಇದು.

ಇಲ್ಲಿ ಮೂರು ಆಕ್ಷೇಪ ಬರುತ್ತವೆ. ಗೆದ್ದವರನ್ನಷ್ಟೇ ಎಣಿಸುತ್ತಿದ್ದೀರಿ, ಸೋತವರು ಬೆಂಗಳೂರಿನ ಕಟ್ಟಡಗಳ ಮೇಲಿದ್ದಾರೆ ಎಂಬುದು ಮೊದಲನೆಯದು. ಒಪ್ಪಲೇಬೇಕು, ಅದಕ್ಕೇ ಸೋಲಿಗರಲ್ಲೂ ರೈತರಲ್ಲೂ ಹೋದವರನ್ನು ಜೊತೆಗಿಟ್ಟು ನೋಡಿದ್ದು, ಉಳಿದವರಿಗೂ ಹೋದವರಿಗೂ ಇರುವ ವ್ಯತ್ಯಾಸ ವಯಸ್ಸಿನದಾಗಿ ಕಾಣಲಿಲ್ಲ. ಎರಡನೆಯದು ಮೈಯದು: ನಲವತ್ತೈದರ ಕೂಲಿಯ ಬೆನ್ನು ನಲವತ್ತೈದರ ಗುಮಾಸ್ತನ ಬೆನ್ನಲ್ಲ. ಇದು ವಾದವನ್ನು ಮುರಿಯುವುದಿಲ್ಲ, ಬಿಗಿ ಮಾಡುತ್ತದೆ. ಮೈ ಸವೆದವರಿಗೆ ಬೇಕಾದದ್ದು ಬೇರಿನ ಕೆಲಸ, ತೋಳಿನದಲ್ಲ. ಸೊಪ್ಪಿಲ್ಲದ ತಿಂಗಳು ಅವರನ್ನು ತಳ್ಳುವುದು ತೋಳಿನ ಕೆಲಸಕ್ಕೇ. ಮೂರನೆಯದು, ಎಲ್ಲಕ್ಕೂ ಧೈರ್ಯ ಬೇಕಲ್ಲವೇ ಎಂಬುದು. ಬೇಕು. ಆದರೆ ಐದೆಕರೆಯವನು ಒಂದೆಕರೆ ಪಣಕ್ಕಿಟ್ಟರೆ ಸಾಹಸ, ಒಂದೆಕರೆಯವನು ಅದನ್ನೇ ಪಣಕ್ಕಿಟ್ಟರೆ ಹುಚ್ಚು ಎನ್ನುತ್ತೇವೆ. ಬದಲಾದದ್ದು ಮನಸ್ಸಲ್ಲ, ಛೇದದಲ್ಲಿರುವ ಸಂಖ್ಯೆ.

ನಮ್ಮ ಯೋಜನೆಗಳು ಮಾತ್ರ ಇನ್ನೂ ಹಳೆಯ ನಂಬಿಕೆಯಲ್ಲೇ ನಿಂತಿವೆ. ದೀನ್ ದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ ಯೋಜನೆ 15ರಿಂದ 35ರವರಿಗೆ. ಮಹಿಳೆಯರಿಗೂ ಕೆಲವು ವಿಶೇಷ ವರ್ಗಗಳಿಗೂ 45. ತರಬೇತಿ ಕೊಟ್ಟರೆ ಸಾಕು ಎಂಬ ಊಹೆ ಅದರ ಹಿಂದಿದೆ, ತರಬೇತಿಯ ನಂತರದ ತಿಂಗಳುಗಳ ಲೆಕ್ಕ ತೀರ ತೆಳು. ವಯಸ್ಸಿನ ಮೇಲ್ಮಿತಿಯಿಲ್ಲದೆ ಆ ತಿಂಗಳುಗಳಿಗೆ ಆಸರೆ ಕೊಡಲು ಹೊರಟಿದ್ದು 2005ರ ಉದ್ಯೋಗ ಖಾತರಿ ಕಾಯ್ದೆಯ ನೂರು ದಿನ. ಈ ನೂರು ದಿನ ಎಷ್ಟು ಮನೆಗಳನ್ನು ಹೊಸ ಕಸುಬಿಗೆ ದಾಟಿಸಿತು ಎಂದು ಕೇಳುವುದು ಬಿಟ್ಟು, ಎಷ್ಟು ಕೆರೆ ಹೂಳೆತ್ತಿತು ಎಂದಷ್ಟೇ ಕೇಳುತ್ತ ಬಂದಿದ್ದೇವೆ. ಸಿಯಾಟಲ್ ಮಾದರಿಯ ಅಧ್ಯಯನಕ್ಕೆ ಈ ಮೂರು ತಾಲ್ಲೂಕಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಗೂಡಿನ ಮಾರುಕಟ್ಟೆಯಲ್ಲಿ ಲೆಕ್ಕದ ಪುಸ್ತಕಗಳಿವೆ, ಲ್ಯಾಂಪ್ಸ್ ಸಂಘಗಳಲ್ಲಿ ಖಾತೆಗಳಿವೆ, ವಸಾಹತಿನ ಸಹಕಾರ ಸಂಘದಲ್ಲೂ ಇರುತ್ತವೆ. ಕೊಳ್ಳೇಗಾಲದ ಕಾಲೇಜಿನ ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಐವತ್ತು ಮನೆ ಆರಿಸಿಕೊಂಡು, ಕೆಲವು ವರ್ಷಕ್ಕೊಮ್ಮೆ ಅದೇ ಬಾಗಿಲು ತಟ್ಟಿದರೂ ಸಾಕು. ಏನು ಕಲಿತಿರಿ ಎಂದು ಕೇಳುವ ಪ್ರಶ್ನಾವಳಿಗಳು ಬೇಕಾದಷ್ಟಿವೆ. ಅದರ ಬದಲು, ಹಳೆಯದು ನಿಂತ ದಿನದಿಂದ ಹೊಸದರ ಮೊದಲ ಕಾಸು ಬರುವವರೆಗೆ ಒಲೆ ಹೇಗೆ ಉರಿಯಿತು, ಯಾರ ಸಾಲ, ಯಾವ ಒಡವೆ, ಯಾವ ಮಗುವಿನ ಶಾಲೆ ಎಂದು ಕೇಳಿ ಬರೆದುಕೊಳ್ಳಬೇಕು.