ಮಕ್ಕಳನ್ನು ಹಾಸ್ಟೆಲಿಗೆ ಬಿಡುವ ಮುನ್ನ

ಪಿಯುಸಿ ಫಲಿತಾಂಶ ಬಂದು, ಕಾಲೇಜಿನಲ್ಲಿ ಸೀಟು ಸಿಕ್ಕಿ, ಹಾಸ್ಟೆಲ್ ಶುಲ್ಕದ ರಸೀದಿ ಕೈಗೆ ಬಂದ ದಿನದಿಂದ ಮನೆಯಲ್ಲಿ ಒಂದೇ ಗಡಿಬಿಡಿ. ಟ್ರಂಕು, ಬಕೆಟ್, ಬೀಗ, ಹಾಸಿಗೆ, ಹೊದಿಕೆ ಎಂದು ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಪ್ರಿಯರೇ, ಹದಿನೆಂಟು ವರ್ಷ ಕಣ್ಣೆದುರಿಗೇ ಇದ್ದ ಮಗುವನ್ನು ಬೇರೊಂದು ಊರಿನಲ್ಲಿ ಬಿಟ್ಟು ಬರಲು ಇಷ್ಟೇ ಸಿದ್ಧತೆ ಸಾಕೇ?

ನಮ್ಮದನ್ನೇ ಹೇಳುತ್ತೇವೆ. ವಿಜಯಪುರದಿಂದ ಮಂಗಳೂರಿಗೆ ಮಗಳನ್ನು ಬಿಡಲು ಹೊರಟಾಗ ನಮ್ಮ ಸಾಮಾನಿನಲ್ಲಿ ತಿಂಡಿಯದೇ ಹೆಚ್ಚು ತೂಕ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಹಿಂಡಿ ಎಲ್ಲವೂ ಇತ್ತು. ಹದಿನೈದೇ ದಿನದಲ್ಲಿ ರೊಟ್ಟಿ ಮೆತ್ತಗಾಗಿ ಬೂಸ್ಟು ಹಿಡಿಯಿತು! ನಮ್ಮ ಕಡೆ ವರ್ಷವಿಡೀ ಬೀಳುವುದು ಸುಮಾರು 600 ಮಿಲಿಮೀಟರ್ ಮಳೆ. ಮಂಗಳೂರಿನಲ್ಲಿ ಅದು 3,500ಕ್ಕೂ ಹೆಚ್ಚು, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಹೊಸ ಮಕ್ಕಳು ಹೋಗಿ ಇಳಿಯುವುದೂ ಅದೇ ದಿನಗಳಲ್ಲಿ. ಆದ್ದರಿಂದ ಕರಾವಳಿಗೆ ಹೋಗುವವರು ಒಣಗಲು ಮೂರು ದಿನ ಹಿಡಿಯುವ ಜೀನ್ಸ್ ಕಡಿಮೆ ಮಾಡಿ, ತೆಳುವಾದ ಬಟ್ಟೆಗಳನ್ನು ಹೆಚ್ಚು ಇಟ್ಟುಕೊಳ್ಳುವುದು ಜಾಣತನ. ಕೊಡೆ, ಇನ್ನೊಂದು ಜೊತೆ ಚಪ್ಪಲಿ, ಬಟ್ಟೆ ಒಣಹಾಕಲು ಹಗ್ಗ ಮತ್ತು ಕ್ಲಿಪ್, ಗಾಳಿಯಾಡದ ಡಬ್ಬಿ ಬೇಕೇ ಬೇಕು. ಚರ್ಮದ ಬೂಟು ಮನೆಯಲ್ಲೇ ಇರಲಿ.

ಕಾಗದಪತ್ರಗಳ ವಿಷಯದಲ್ಲಿ ಒಂದು ಮಾತು. ಅಂಕಪಟ್ಟಿಗಳ ಮೂಲಪ್ರತಿಯನ್ನು ಕಾಲೇಜು ಪರಿಶೀಲಿಸಿ ಹಿಂದಿರುಗಿಸಬೇಕು, ತನ್ನಲ್ಲೇ ಇಟ್ಟುಕೊಳ್ಳಬಾರದು ಎಂದು ಯುಜಿಸಿ 2018ರಲ್ಲೇ ಸ್ಪಷ್ಟಪಡಿಸಿದೆ. ಸಂಕೋಚಪಡದೆ ಕೇಳಿ ಪಡೆಯಿರಿ.

ಹೊರಡುವ ಒಂದು ತಿಂಗಳ ಮೊದಲಿನಿಂದ ಮಗನಾಗಲಿ ಮಗಳಾಗಲಿ ತಮ್ಮ ಬಟ್ಟೆ ತಾವೇ ಒಗೆಯಲಿ. ಜ್ವರ ಬಂದರೆ ಯಾವ ಮಾತ್ರೆ, ಎಷ್ಟು ಹೊತ್ತಿಗೆ ಎಂದು ತಿಳಿದಿರಲಿ. ಜೋಳದ ರೊಟ್ಟಿ ತಿಂದು ಬೆಳೆದವರಿಗೆ ಕುಚ್ಚಲಕ್ಕಿ ಅನ್ನ ಮೊದಲ ವಾರ ಸೇರುವುದಿಲ್ಲ. ಅದಕ್ಕೆ ಗಾಬರಿ ಬೇಡ. ಸುತ್ತಲೂ ತುಳು, ಕೊಂಕಣಿ, ಬ್ಯಾರಿ ಮಾತು ಕೇಳಿ, ‘ನನ್ನ ಹಾಗೆ ಮಾತಾಡುವವರು ಒಬ್ಬರೂ ಇಲ್ಲ’ ಎಂದು ಮಗು ಅತ್ತೀತು. ಅದನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ.

ಇನ್ನು ನಾವು ಮಾಡಿದ ತಪ್ಪು. ಹಾಸ್ಟೆಲ್ ಗೇಟಿನ ಬಳಿ ಬೀಳ್ಕೊಡುವಾಗ, ‘ಸಾಲ ಮಾಡಿ ಸೇರಿಸಿದ್ದೇವೆ, ಅದನ್ನು ಮರೆಯಬೇಡ’ ಎಂದೆವು. ಒಳ್ಳೆಯದಾಗಲೆಂದೇ ಹೇಳಿದ ಮಾತು. ಹಿರಿಯ ವಿದ್ಯಾರ್ಥಿನಿಯರು ರಾತ್ರಿಯಿಡೀ ಅವಳ ಕೈಯಲ್ಲಿ ತಮ್ಮ ರೆಕಾರ್ಡ್ ಪುಸ್ತಕ ಬರೆಸುತ್ತಿದ್ದುದು ನಮಗೆ ತಿಳಿಯಲು ಎರಡು ತಿಂಗಳು ಬೇಕಾಯಿತು. ಏಕೆ ಹೇಳಲಿಲ್ಲ ಎಂದು ಕೇಳಿದರೆ ಅವಳು ನಮ್ಮ ಮಾತನ್ನೇ ನಮಗೆ ಹಿಂದಿರುಗಿಸಿದಳು: ‘ಸಾಲ ಮಾಡಿದ್ದೀರಲ್ಲ.’

ರ್‍ಯಾಗಿಂಗ್ ಎಂಬುದು ತಮಾಷೆಯಲ್ಲ. 2009ರ ಮಾರ್ಚ್‌ನಲ್ಲಿ ಹಿಮಾಚಲ ಪ್ರದೇಶದ ವೈದ್ಯಕೀಯ ವಿದ್ಯಾರ್ಥಿ ಅಮನ್ ಕಚ್ರೂ ಹಿರಿಯರ ಹೊಡೆತಕ್ಕೆ ಬಲಿಯಾದ. ಅದೇ ವರ್ಷ ಯುಜಿಸಿ ಕಟ್ಟುನಿಟ್ಟಿನ ನಿಯಮಾವಳಿ ತಂದಿತು. ಸಾಧ್ಯವಾದಷ್ಟು ಮಟ್ಟಿಗೆ ಮೊದಲ ವರ್ಷದವರನ್ನು ಪ್ರತ್ಯೇಕ ವಿಭಾಗದಲ್ಲಿ ಇರಿಸಬೇಕು. ವಾರ್ಡನ್ ಯಾವ ಹೊತ್ತಿನಲ್ಲಾದರೂ ಫೋನಿಗೆ ಸಿಗುವಂತಿರಬೇಕು. ವಿದ್ಯಾರ್ಥಿಯೂ ಪೋಷಕರೂ ಪ್ರಮಾಣಪತ್ರ ಸಲ್ಲಿಸಬೇಕು. ಆ ಪ್ರಮಾಣಪತ್ರಕ್ಕೆ ಓದದೆಯೇ ಸಹಿ ಹಾಕಿದವರಲ್ಲಿ ನಾವೂ ಸೇರಿದ್ದೇವೆ. ರಾಷ್ಟ್ರೀಯ ಸಹಾಯವಾಣಿ 1800-180-5522. ಮೊಬೈಲಿನಲ್ಲಿದ್ದರೆ ಸಾಲದು, ಟ್ರಂಕಿನ ಮುಚ್ಚಳದ ಒಳಗೆ ಬರೆದು ಅಂಟಿಸಿ. ವಾರ್ಡನ್ ನಂಬರನ್ನೂ ಅದರ ಕೆಳಗೆ ಬರೆಯಿರಿ.

ಸಂಖ್ಯೆ ಇದ್ದ ಮಾತ್ರಕ್ಕೆ ಮಗು ಫೋನ್ ಮಾಡುತ್ತದೆಯೇ? ಮೊದಲು ಮನೆಗೆ ಹೇಳುವ ಧೈರ್ಯ ಬೇಕು. ಆದ್ದರಿಂದ ಹೊರಡುವ ಹಿಂದಿನ ರಾತ್ರಿ, ಊಟವಾದ ಮೇಲೆ, ಟಿವಿ ಆರಿಸಿ ಕುಳಿತು ಹೇಳಿ: ‘ಏನೇ ಆದರೂ ಹೇಳು, ನಾವು ನಂಬುತ್ತೇವೆ. ತೀರ ಆಗದಿದ್ದರೆ ಬಂದುಬಿಡು. ಹಣದ ಚಿಂತೆ ನಿನ್ನದಲ್ಲ.’ ಮಕ್ಕಳು ಹಾಗೆಲ್ಲ ಸುಮ್ಮನೆ ಬಂದುಬಿಡುವುದಿಲ್ಲ. ನಮ್ಮ ಮಗಳು ವಾರ್ಡನ್ ಬಳಿ ದೂರು ಕೊಟ್ಟು, ಕೋಣೆ ಬದಲಾಯಿಸಿಕೊಂಡು, ಅಲ್ಲೇ ಓದು ಮುಗಿಸಿದಳು.

ಬಿಡುವ ದಿನ ಬೆಳಿಗ್ಗೆಯೇ ತಲುಪಿದರೆ ಒಳ್ಳೆಯದು. ಬಚ್ಚಲುಮನೆ, ಕುಡಿಯುವ ನೀರು, ಕಿಟಕಿಯ ಚಿಲಕ ನೋಡಿಕೊಳ್ಳಬಹುದು. ಹಾಸಿಗೆಯನ್ನು ಮಾತ್ರ ಮಗುವೇ ಹಾಸಲಿ. ತಾಯಂದಿರೇ, ಕೈ ತಡೆಯಿರಿ! ಪಕ್ಕದ ಮಂಚದ ಹುಡುಗಿಯ ತಂದೆ ತಾಯಿಯ ನಂಬರ್ ಪಡೆಯಿರಿ. ಮಧ್ಯಾಹ್ನದ ಊಟದ ಹೊತ್ತಿಗೆ ಹೊರಟುಬಿಡಿ. ಸಂಜೆಯವರೆಗೆ ನಿಂತರೆ ಅವರು ಗೆಳೆತನ ಮಾಡಿಕೊಳ್ಳಬೇಕಾದ ಹೊತ್ತನ್ನು ನಾವೇ ಕಸಿದುಕೊಂಡಂತೆ.

ಆ ರಾತ್ರಿ ಫೋನ್ ಮಾಡಿದಾಗ ‘ಊಟ ಆಯಿತಾ?’ ಎಂದರೆ ‘ಆಯಿತು’ ಎಂಬಲ್ಲಿಗೆ ಮಾತು ನಿಲ್ಲುತ್ತದೆ. ಈಗ ಮಗನನ್ನು ಬಿಟ್ಟು ಬಂದ ಮೇಲೆ ನಾವು ‘ಯಾರ ಜೊತೆ ಕೂತು ಊಟ ಮಾಡಿದೆ?’ ಎಂದು ಕೇಳುತ್ತಿದ್ದೇವೆ. ಮೊದಲ ನಾಲ್ಕು ದಿನ ‘ಒಬ್ಬನೇ’ ಎಂದ. ಐದನೆಯ ದಿನ ಒಂದು ಹೆಸರು ಹೇಳಿದ.